ಮರಿಲಿಂಗಮ್ಮನ ಎರಡನೆಯ ಆಪರೇಷನ್

ಕಕ್ಕೇರಾ ಸುತ್ತಲಿನ ಹೊಲಗಳಿಗೆ ಕಾಲುವೆ ನೀರು ಬಿಟ್ಟ ವಾರದೊಳಗೆ ರೈತರು ಮರಿಲಿಂಗಮ್ಮನ ಮನೆಗೆ ಬಂದು ದಿನ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ನೆಲ್ಲಿನ ಸಸಿ ಹಚ್ಚುವ ಹದಿನಾಲ್ಕು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳು ಸಾಲಿನ ತುದಿಗೆ ನಿಂತರೆ ಉಳಿದವರು ಅವಳ ಕೈಯ ವೇಗಕ್ಕೆ ತಮ್ಮ ಕೈ ಹೊಂದಿಸಿಕೊಳ್ಳುತ್ತಿದ್ದರು. ಆ ವರ್ಷದ ಆಗಸ್ಟಿನಲ್ಲಿ ಮಾತ್ರ ಅವಳೇ ಹಿಂದೆ ಬಿದ್ದಳು. ಕೆಸರಿನಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಸಾಲದೆ ನಿಂತುಬಿಡುತ್ತಿದ್ದಳು. ಪಕ್ಕದ ರೇಣಮ್ಮ ಅವಳ ಪಾಲಿನ ಸಸಿಯನ್ನೂ ತಾನೇ ಹಚ್ಚುತ್ತ, "ಯಾಕಕ್ಕ, ಮತ್ತ ಅದೇ ಬ್ಯಾನಿ ಏನು?" ಎಂದು ಕೇಳಿದಳು.

"ಬಿಸಲಿಗಿ ಹಂಗ ಆಗ್ಯಾದ, ನೀ ಹಚ್ಚು," ಎಂದಳು ಮರಿಲಿಂಗಮ್ಮ.

ಬಿಸಿಲಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಕವಾಟ ಕೆಟ್ಟಿತ್ತು. ಮದುವೆಯಾದ ಮೂರನೆಯ ವರ್ಷ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಎದೆ ತೆರೆದು ಅದನ್ನು ಬದಲಿಸಿದ್ದರು. ಲೋಹದ ಕವಾಟವಾದರೆ ಬಹುಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಸುವ ಗುಳಿಗೆ ಜೀವವಿರುವತನಕ ಬೇಕು, ಬಸಿರಿಗೆ ಅದು ಅಪಾಯ ಎಂದು ವೈದ್ಯರು ಆಗಲೇ ಹೇಳಿದ್ದರು. ಪ್ರಾಣಿಯ ಹೃದಯದ ಪೊರೆಯಿಂದ ಮಾಡಿದ್ದು ಹಾಕಿದರೆ ಕೂಸು ಹೆರಬಹುದು, ಆದರೆ ಹತ್ತು ಹನ್ನೆರಡು ವರ್ಷಕ್ಕೆ ಮತ್ತೆ ಎದೆ ತೆರೆಯಬೇಕಾದೀತು. ಮರಿಲಿಂಗಮ್ಮ ಅದನ್ನೇ ಹಾಕಿರಿ ಎಂದಳು. ಹನ್ನೆರಡು ವರ್ಷವೆಂದರೆ ಆಗ ಬಹಳ ದೂರ ಕಂಡಿತ್ತು. ಎರಡು ವರ್ಷಕ್ಕೆ ಮಗಳು ಮಾನಮ್ಮ ಹುಟ್ಟಿದಳು.

ನಾಟಿ ಮುಗಿಯುತ್ತಲೇ ಗಂಡ ತಾಯಪ್ಪ ಅವಳನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರ್ ನೀಲಕಂಠ ಪರೀಕ್ಷೆಯ ಚಿತ್ರಗಳನ್ನು ಬಹಳ ಹೊತ್ತು ನೋಡಿದರು.

"ಹಳೀ ಕವಾಟ ಸುಣ್ಣಗಟ್ಟಿ ಬಿರುಸಾಗ್ಯಾದ ನೋಡವ್ವ. ಪೂರಾ ತೆರ್ಯಂಗಿಲ್ಲ, ಪೂರಾ ಮುಚ್ಚಂಗಿಲ್ಲ. ಬದಲಿ ಮಾಡಬೇಕು."

"ಮೊದಲ ಮಾಡಿದಂಗೇ ಏನ್ರಿ?"

"ಅದಕಿಂತ ಕಷ್ಟ. ಮೊದಲ ಕೊಯ್ದ ಜಾಗ ಒಳಗ ಎಲುಬಿಗಿ ಅಂಟಿಕೊಂಡಿರ್ತದ. ಬಿಡಿಸಿಕೋತ ಹೋಗಬೇಕು. ನೂರು ಮಂದಿಯೊಳಗ ಏಳೆಂಟು ಮಂದಿ ಉಳಿಯಂಗಿಲ್ಲ."

"ಮಾಡಿಸಲಿಲ್ಲಂದ್ರ?"

"ಎರಡು ವರ್ಷ ದಾಟೂದು ಕಷ್ಟ ಅದ."

ಸರ್ಕಾರದ ಕಾರ್ಡಿನ ಮೇಲೆ ಎಲ್ಲವೂ ಪುಕ್ಕಟೆ ಆಗುತ್ತಿತ್ತು. ಅವಳು ಹೂಂ ಅಂದಿದ್ದರೆ ಅವತ್ತೇ ದಿನ ಬರೆದುಕೊಡುತ್ತಿದ್ದರು. ಅವಳು ಅನ್ನಲಿಲ್ಲ. ಮೊದಲ ಆಪರೇಷನ್ ಆಗಿ ಎಚ್ಚರವಾದಾಗ ಬಾಯೊಳಗೆ ಕೊಳವೆಯಿತ್ತು, ಕೈ ಮಂಚಕ್ಕೆ ಕಟ್ಟಿದ್ದರು. ಎಲ್ಲರ ಮಾತು ಕೇಳುತ್ತಿತ್ತು, ನೀರು ಬೇಕೆಂದು ಹೇಳಲು ದನಿಯಿರಲಿಲ್ಲ. ಕೆಮ್ಮು ಬಂದರೆ ಎದೆ ಸೀಳಿಹೋದಂತೆ ಆಗುತ್ತಿತ್ತು. ಊರಿಗೆ ಹೊರಟ ಬಸ್ಸು ಶಹಾಪುರ ದಾಟಿತು. ಆಮೇಲೆ ತಾಯಪ್ಪ, "ಸದ್ಯ ಗುಳಿಗಿ ತಗೊಂಡು ನೋಡಮು. ಅವಸರ ಏನದ?" ಎಂದ. ಅವಳಿಗೂ ಅದೇ ಬೇಕಾಗಿತ್ತು.

ದೀಪಾವಳಿಯ ಹೊತ್ತಿಗೆ ಪಾದ ಊದಿಕೊಂಡವು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ರಂಗಂಪೇಟೆಗೆ ಹೋದಳು. ಅಲ್ಲಿ ಸಾಯಬಮ್ಮನ ಮನೆಯಿತ್ತು. ಹನ್ನೆರಡು ವರ್ಷದ ಹಿಂದೆ ಇಬ್ಬರಿಗೂ ಒಂದೇ ವಾರ್ಡಿನಲ್ಲಿ, ಒಂದೇ ವಾರ, ಒಂದೇ ಆಪರೇಷನ್ ಆಗಿತ್ತು. ಸಾಯಬಮ್ಮನ ಕವಾಟವೂ ಕೆಟ್ಟು, ಹಿಂದಿನ ಸಂಕ್ರಾಂತಿಗೆ ಎರಡನೆಯ ಆಪರೇಷನ್ನಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಮರಿಲಿಂಗಮ್ಮ ಅವಳ ಮಣ್ಣಿಗೆ ಹೋಗಿರಲಿಲ್ಲ. ಸುದ್ದಿ ಕೇಳಿದ ದಿನ ಬಾಗಿಲು ಹಾಕಿಕೊಂಡು ಮಲಗಿದ್ದಳು.

ಸಾಯಬಮ್ಮನ ಗಂಡ ಅಂಬಣ್ಣ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಗೆ ಕೂತಿದ್ದ. ಅವಳ ಕಾಲು ನೋಡಿದವನೇ ಎದ್ದು ಕುರ್ಚಿ ಕೊಟ್ಟ.

"ಅಣ್ಣ, ಅಕಿಗಿ ಭಾಳ ತ್ರಾಸ ಆಯ್ತೇನು? ಖರೇ ಹೇಳು."

ಅಂಬಣ್ಣ ಬಟ್ಟೆ ಮಡಚಿ ಪಕ್ಕಕ್ಕಿಟ್ಟ. "ಒಳಗ ಒಯ್ದಾಗ ಅಕಿಗಿ ಕುಂತಲ್ಲೇ ಉಸಿರು ಇರಲಿಲ್ಲವ್ವ. ಪೂರಾ ಸೋತು ಹೋಗಿದ್ಲು. ಎಂಟು ತಿಂಗಳ ಮೊದಲ ಬಾ ಅಂದಿದ್ರು."

"ಮತ್ತ ಯಾಕ ಹೋಗಲಿಲ್ಲ?"

"ನಾನೇ ಬ್ಯಾಡಂದೆ. ಅಕಿ ಹೋಗತೀನಿ ಅಂತಿದ್ಲು. ನಂಗ ಅಂಜಿಕಿ." ಅವನು ಗೋಡೆಯ ಕಡೆ ತಿರುಗಿ ಕೂತ. "ಹೋಗೂದಿದ್ರ ಈ ವಾರ ಹೋಗು ತಂಗಿ. ನಾ ಇನ್ನೇನೂ ಹೇಳಂಗಿಲ್ಲ."

ಅವಳು ಅಲ್ಲಿ ಚಹಾ ಸಹ ಕುಡಿಯಲಿಲ್ಲ. ಮನೆಗೆ ಬಂದು ತಾಯಪ್ಪನಿಗೆ ಎಲ್ಲ ಹೇಳಿದಳು. ಅವನು ಮೊದಲು ಸಿಟ್ಟಿಗೆದ್ದ. ಹೇಳದೆ ಯಾಕೆ ಹೋದೆ, ಸತ್ತವರ ಮನೆಯ ಮಾತು ಯಾಕೆ ತಂದೆ ಎಂದ. ಅವನ ಮಾತು ಮುಗಿದ ಮೇಲೆ ಅವಳು ಹೇಳಿದಳು:

"ನೀ ಬಂದ್ರೂ ಹೋಗತೀನಿ, ಬರದಿದ್ರೂ ಹೋಗತೀನಿ."

ಅವನೂ ಜೊತೆಗೆ ಹೋದ. ಹೋಗುವ ಮೊದಲು ಅವಳು ಗುಂಪಿನವರನ್ನು ಕರೆದು, ಬೇಸಿಗೆ ನಾಟಿಗೆ ರೇಣಮ್ಮನ ಮಾತು ಕೇಳಿರಿ ಎಂದು ಹೇಳಿದಳು. ಹತ್ತು ವರ್ಷದ ಮಾನಮ್ಮನನ್ನು ಮುಂದೆ ಕೂಡಿಸಿಕೊಂಡು, "ನಾ ಬರದಿದ್ರ ಅಪ್ಪನ ಜೋಡಿ ಇರು. ಸಾಲಿ ಬಿಡಬ್ಯಾಡ," ಎಂದಳು. ಹುಡುಗಿ ಅಳಲಿಲ್ಲ. ಯಾವಾಗ ಬರುತ್ತಿ ಎಂದಷ್ಟೇ ಕೇಳಿದಳು.

ಈ ಸಲ ಲೋಹದ ಕವಾಟ ಹಾಕಿದರು. ಬೆಳಿಗ್ಗೆ ಒಳಗೆ ಒಯ್ದವರು ಸಂಜೆ ಹೊರಗೆ ತಂದರು. ನಾಲ್ಕು ದಿನ ಅವಳು ಕಣ್ಣು ತೆರೆಯಲಿಲ್ಲ. ತೆರೆದಾಗ ಎಡಗೈ, ಎಡಗಾಲು ಮಾತು ಕೇಳಲಿಲ್ಲ. ಆಪರೇಷನ್ನಿನ ಹೊತ್ತಿನಲ್ಲಿ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹೀಗಾಗುವುದುಂಟು ಎಂದರು ನೀಲಕಂಠ. ಜೀವ ಉಳಿಯಿತು ಎಂದು ತಾಯಪ್ಪ ಅವರ ಕಾಲು ಮುಟ್ಟಲು ಹೋದ. ಮರಿಲಿಂಗಮ್ಮ ಮಾತ್ರ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ನೋಡುತ್ತ, ಬಿಟ್ಟರೆ ಅದು ಹಾಸಿಗೆಯ ಮೇಲೆ ಬೀಳುವುದನ್ನು ಕಾಣುತ್ತ ಮಲಗಿದ್ದಳು.

ಮನೆಗೆ ಬಂದಮೇಲೆ ಕಾಲು ಅಷ್ಟಿಷ್ಟು ಸುಧಾರಿಸಿತು, ಕೈ ಮಡಚಲಿಲ್ಲ. ಸಸಿಯ ಸೂಡು ಹಿಡಿಯುವ ಕೈ ಅದು. ಉಸಿರು ಈಗ ಸಲೀಸಾಗಿದೆ, ಅಂಗಾತ ಮಲಗುತ್ತಾಳೆ. ರೈತರು ರೇಣಮ್ಮನ ಮನೆಗೆ ಹೋಗುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವಳಾದ್ದರಿಂದ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಅವಳು ಶಹಾಪುರಕ್ಕೆ ಹೋಗಬೇಕು. ಬಸ್ಸಿನ ಮೆಟ್ಟಿಲು ಎತ್ತರ. ತಾಯಪ್ಪ ಹಿಂದಿನಿಂದ ಎರಡೂ ಕೈಯಲ್ಲಿ ಎತ್ತಿ ಹತ್ತಿಸುತ್ತಾನೆ. ಮೊದಮೊದಲು ಮಂದಿ ನೋಡುತ್ತಾರೆಂದು ಅವಳು ನಾಚಿ ತಲೆ ಬಗ್ಗಿಸುತ್ತಿದ್ದಳು. ಈಗ, "ತಡಿ, ಬಲಗಾಲು ಇಡತೀನಿ," ಎಂದು ಹೇಳಿ ಕಂಬಿ ಹಿಡಿಯುತ್ತಾಳೆ.