ತಂಗಿಯ ಗದ್ದೆಗೆ ಬಿಟ್ಟ ನೀರು

ಅರಕೆರೆಯ ಚೆಲುವಯ್ಯನಿಗೆ ತಂಗಿ ಬೆಟ್ಟಮ್ಮನೆಂದರೆ ಪ್ರಾಣ. ಅವಳನ್ನು ಊರೊಳಗೇ ಕೊಟ್ಟಿದ್ದರು. ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ತನ್ನ ಗದ್ದೆಯ ಕೆಳಗಿನ ತುಂಡನ್ನು ಅವಳಿಗೆ ಬಿಟ್ಟುಕೊಟ್ಟ. ನಾಲೆಯಲ್ಲಿ ನೀರು ಬಂದಾಗಲೆಲ್ಲ ಮೊದಲು ತಂಗಿಯ ಗದ್ದೆಗೆ ನೀರಿನ ಮಡೆ ತಿರುಗಿಸುವನು, ಆಮೇಲೆ ತನ್ನದಕ್ಕೆ. ಅಣ್ಣ ಬಿಟ್ಟ ನೀರು ಅಲ್ಲಿ ಬತ್ತಬಾರದು, ಅಷ್ಟೇ ಅವನ ಆಸೆ.

ಕೆಲವು ವರ್ಷ ಭತ್ತ ಚೆನ್ನಾಗಿ ಆಯಿತು. ಆಮೇಲೆ ಬೆಟ್ಟಮ್ಮನ ಪೈರು ಹಳದಿಯಾಗತೊಡಗಿತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಸುಣ್ಣ ಎರಚಿದಂತೆ ಬಿಳುಪು. ಕಣ್ಣು ಬಿದ್ದಿದೆ ಅಂದರು ಊರವರು. ಚೆಲುವಯ್ಯ ಇನ್ನಷ್ಟು ನೀರು ಬಿಟ್ಟ.

ಅರವತ್ತೆರಡನೇ ಇಸವಿಯಲ್ಲಿ ಗ್ರಾಮಸೇವಕರು ಶ್ರೀರಂಗಪಟ್ಟಣದಲ್ಲಿ ರೈತರನ್ನು ಕೂರಿಸಿ ಪಾಠ ಹೇಳಿದರು. ಹೋಗಿಬಂದ ಚೆಲುವಯ್ಯ ಹೆಂಡತಿ ದೊಡ್ಡತಾಯಮ್ಮನ ಮುಂದೆ ಕುಕ್ಕರಿಸಿದ.

"ಅಮ್ಮಿ, ಕೇಳಿಲ್ಲಿ. ಆ ಗದ್ದೆ ಕೆಡಿಸ್ತಿರೋನು ನಾನೇ ಕಣೆ. ನೀರು ನಿಂತೂ ನಿಂತೂ ತಳದಲ್ಲಿರೋ ಉಪ್ಪು ಮ್ಯಾಕ್ಕೆ ಬತ್ತದಂತೆ. ನಮ್ ಗದ್ದೆ ನೀರೂ ಅಲ್ಗೇ ಇಳೀತದೆ..."

ಅವಳು ರಾಗಿ ಕೇರುತ್ತಿದ್ದಳು. "ಮುದ್ದೆ ಆರೋಯ್ತದೆ, ಮೊದ್ಲು ಉಣ್ಣಿ" ಅಂದಳು. ಅವನು ಹೇಳುತ್ತಲೇ ಇದ್ದ. ಅವಳು ಕೇರುತ್ತಲೇ ಇದ್ದಳು.

ಮಾರನೆಯ ದಿನ ಅವನು ತಂಗಿಯ ಮಡೆ ಕಟ್ಟಿದ. ಬೆಟ್ಟಮ್ಮ ಮನೆ ಬಾಗಿಲಿಗೇ ಬಂದಳು.

"ಏನಣ್ಣಾ, ಅರಿಸ್ನ ಕುಂಕುಮದ ಗದ್ದೆಗೆ ನೀರು ನಿಲ್ಲಿಸ್ಬುಟ್ಟಾ? ಅತ್ಗೆ ಯೋಳ್ಕೊಟ್ಲಾ?"

"ಅಂಗಲ್ಲ ಕಣವ್ವಾ. ಒಂದೆರಡು ವರ್ಷ ಭತ್ತ ಬುಡು. ನಿಂತಿರೋ ನೀರು ಹಳ್ಳಕ್ಕೆ ಓಗಂಗೆ ಬಸಿಗಾಲುವೆ ತೆಗೀಬೇಕು. ನನ್ ಗದ್ದೆ, ನಿನ್ ಗದ್ದೆ, ಕೆಳಗಡೆ ನಂಜಪ್ಪನ ಗದ್ದೆ, ಮೂರೂ ಸೇರ್ಬೇಕು. ಒಬ್ರು ತೆಗುದ್ರೆ ಆಗಾಕಿಲ್ಲ."

"ನಾಲೆ ಬಯಲಲ್ಲಿ ರಾಗಿ ಬೆಳ್ಕೋ ಅಂತೀಯಾ? ನಮ್ಮನೆಯೋರು ನಗಾಡ್ತಾರೆ. ಕೊಟ್ಟಿದ್ದ ಕಿತ್ಕೊಳೋ ಮನ್ಸಿದ್ರೆ ನೇರವಾಗಿ ಯೋಳ್ಬುಡು."

ಅವಳ ಕಣ್ಣಲ್ಲಿ ನೀರು ಕಂಡದ್ದೇ ಚೆಲುವಯ್ಯ ಸೋತ. ಸಂಜೆಗೆ ತಾನೇ ಹೋಗಿ ಮಡೆ ಬಿಚ್ಚಿದ. ದೊಡ್ಡತಾಯಮ್ಮ ಒಳಗೇ ಇದ್ದಳು. ಗಂಡನ ಪರವಾಗಿ ಒಂದು ಮಾತು ಆಡಬಹುದಿತ್ತು. ನಾದಿನಿಯ ಬಾಯಿಗೆ ಹೆದರಿ ಆಡಲಿಲ್ಲ.

ಆಮೇಲೆ ಅವನೊಬ್ಬನೇ ತನ್ನ ಗದ್ದೆಯ ಅಂಚಿಗೆ ಗುದ್ದಲಿ ಹಾಕಿದ. ಕಂಡಾದರೂ ತಂಗಿ ದಾರಿ ಬಿಟ್ಟಾಳು ಎಂದುಕೊಂಡ. ಬಿಡಲಿಲ್ಲ. ಕಾಲುವೆ ಅವಳ ಬದುವಿಗೆ ಬಂದು ನಿಂತಿತು. ಮುಂದಿನ ವರ್ಷ ಜ್ವರ ಬಂದು ಚೆಲುವಯ್ಯ ಹೋಗಿಬಿಟ್ಟ.

ತಿಥಿ ಕಳೆದ ಮೇಲೆ ಬೆಟ್ಟಮ್ಮ ಬಂದು ಜಗಲಿಯ ಮೇಲೆ ಕೂತಳು. ಅವಳ ಗದ್ದೆಯಲ್ಲಿ ಆಗ ಜೊಂಡು ಬಿಟ್ಟರೆ ಏನೂ ಇರಲಿಲ್ಲ.

"ಅತ್ಗೆ, ಅಣ್ಣ ಅವತ್ತು ಯೋಳ್ತಿದ್ದ. ನಾನು ಬಾಯಿ ಮಾಡ್ಬುಟ್ಟೆ. ಅವ್ನು ತೆಗುದ್ದ ಕಾಲುವೆ ಮಳೇಲಿ ಮುಚ್ಚೋಯ್ತು, ಆ ಗ್ರಾಮಸೇವಕ್ರೂ ವರ್ಗ ಆಗೋದ್ರು. ನೀನಾರ ಯೋಳು. ಎಲ್ಲಿಂದ ತೋಡ್ಬೇಕು, ಎಷ್ಟು ಆಳ? ನಂಜಪ್ಪಂಗೆ ಏನಂತ ಯೋಳ್ಲಿ? ಕಾಲಿಗ್ ಬೇಕಾರೂ ಬೀಳ್ತೀನಿ."

"ತಳದ ಉಪ್ಪು ಮ್ಯಾಕ್ಕೆ ಬತ್ತದೆ ಅಂತಿದ್ರು" ಅಂದಳು ದೊಡ್ಡತಾಯಮ್ಮ.

"ಆಮ್ಯಾಕೆ?"

ಗಂಡ ಪೂರ್ತಿ ಹೇಳಿದ್ದ. ಹೇಳುವಾಗ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದ. ಯಾವ ಕಡೆಯಿಂದ ಯಾವ ಕಡೆಗೆ ಎಳೆದ ಎಂಬುದು ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ.

"ನಾನು ಕೇಳಿಸ್ಕೊಳ್ಳಿಲ್ಲ ಕಣವ್ವಾ."

ಬೆಟ್ಟಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.