ಒಂದೇ ಕಡೆ ಅಗಿಯುವವಳು

ಅಕ್ಕಾ, ಚಿನ್ನುವಿಗೆ ಹಲ್ಲು ನೋಯುತ್ತಿದೆಯೆಂದು ನನಗೆ ಗೊತ್ತಿತ್ತು. ಅವಳ ಕೆನ್ನೆ ಊದಿಕೊಳ್ಳುವುದಕ್ಕೆ ತಿಂಗಳುಗಳ ಮೊದಲೇ ಗೊತ್ತಿತ್ತು. ನಿನ್ನ ಮಗಳು ನಿನಗೆ ಹೇಳಬೇಕೆಂದೇ ಇದ್ದಳು — ಹೇಳದ ಹಾಗೆ ಮಾಡಿದವನು ನಾನು.

ಮಿಮಿಕ್ರಿ ಮಾಡುವವನ ಕಣ್ಣು ನಿನಗೆ ಗೊತ್ತಲ್ಲ. ಯಾರನ್ನು ತಾನೇ ಬಿಟ್ಟಿದ್ದೇನೆ? ಲಷ್ಕರ್ ಮೊಹಲ್ಲಾದ ಸೊಪ್ಪಿನವಳ ಕೂಗು, ಭಾವನ ಗೊರಕೆ, ನನ್ನನ್ನು ನೋಡಿ ಬೇಡವೆಂದ ಹುಡುಗಿ ಮೂಗು ಮುರಿದ ರೀತಿ — ಎಲ್ಲವೂ ನನ್ನ ಐಟಂಗಳೇ. ಈ ವಯಸ್ಸಿಗೇ ಬೋಳಾಗುತ್ತಿರುವ ನನ್ನ ತಲೆಯೊಂದನ್ನೇ ಹಿಡಿದು ಛತ್ರವಿಡೀ ನಗಿಸಬಲ್ಲೆ. ಹೀಗಿರುವಾಗ ಯುಕೆಜಿಯ ಮಗುವೊಂದು ಎದುರಿಗೇ ಕೂತು...

ನೀನು ಕಡಕೊಳದ ಫ್ಯಾಕ್ಟರಿಗೆ ಹೋಗುವಾಗ ಅವಳನ್ನು ಅಮ್ಮನ ಹತ್ತಿರ ಬಿಡುತ್ತಿದ್ದೆ. ಊಟಕ್ಕೆ ಕೂತರೆ ಅವಳು ಕತ್ತನ್ನು ಎಡಕ್ಕೆ ವಾಲಿಸಿ, ಬಲಗೆನ್ನೆಗೆ ಅಂಗೈ ಒತ್ತಿಕೊಂಡು, ಚಪಾತಿಯನ್ನು ಎಡಗಡೆಯಲ್ಲೇ ಅಗಿಯುತ್ತಿದ್ದಳು. ಕಂಡ ಕೂಡಲೇ ಆ ಭಂಗಿಯನ್ನು ಹಿಡಿದುಬಿಟ್ಟೆ. ಅವಳ ಎದುರಿಗೇ ಮಾಡಿ ತೋರಿಸಿದೆ.

"ಅಯ್ಯೋ, ಅವಳೇ ಕೂತಂಗದೆ ಕಣೋ! ಇನ್ನೊಂದ್ಸಲ ಮಾಡು," ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಪ, ಅಮ್ಮನಿಗೆ ಕಂಡದ್ದು ನನ್ನ ಆಟ ಮಾತ್ರ.

ಮರುದಿನದಿಂದ ಚಿನ್ನು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅಗಿಯದೆ ನುಂಗತೊಡಗಿದಳು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಅದನ್ನೂ ನೋಡಿದೆ. ನುಂಗುವಾಗ ಅವಳು ಕತ್ತು ಚಾಚುವುದನ್ನೂ ಐಟಂಗೆ ಸೇರಿಸಿಕೊಂಡೆ — ಲಕ್ಷ್ಮೀಪುರಂನ ಒಂದು ಹುಟ್ಟುಹಬ್ಬದಲ್ಲಿ ಅದಕ್ಕೆ ಬಿದ್ದಂಥ ಚಪ್ಪಾಳೆ ನನ್ನ ಬೇರೆ ಯಾವುದಕ್ಕೂ ಬಿದ್ದಿಲ್ಲ.

ಒಂದು ಮಧ್ಯಾಹ್ನ ಅವಳೇ ನನ್ನ ಹತ್ತಿರ ಬಂದಳು. "ಮಾಮ, ಇಲ್ಲಿ ತುಂಬಾ ನೋಯುತ್ತೆ. ಅಮ್ಮಂಗೆ ಹೇಳ್ತೀನಿ. ನೀನು ಅದನ್ನ ಮಾಡಿ ತೋರಿಸ್ಬೇಡ, ಆಯ್ತಾ?"

ಆಗಲಾದರೂ ಈ ಬಾಯಿ ಸುಮ್ಮನಿರಬೇಕಿತ್ತು. ಮೂಗಿನಿಂದ ಡಾಕ್ಟರ ದನಿ ತೆಗೆದೆ. "ಹಲ್ಲು ನೋವಾ? ತನ್ನಿ ಆ ದೊಡ್ಡ ಇಕ್ಕಳ!" ಆಮೇಲೆ ಗುರ್‍ರ್ ಎಂದು ಹಲ್ಲು ಕೊರೆಯುವ ಸದ್ದು, ಅವಳ ಕಿವಿಯ ಪಕ್ಕದಲ್ಲೇ. "ಹೋಗು, ಹೇಳ್ಕೋ ಹೋಗು. ಇದೇ ಆಗೋದು."

ನಗುತ್ತಾಳೆಂದುಕೊಂಡಿದ್ದೆ — ಇಲ್ಲ, ಅದೂ ಸುಳ್ಳು. ಹೆದರುತ್ತಾಳೆಂದು ಗೊತ್ತಿತ್ತು. ಹೆದರಿದಾಗ ಆ ಮುಖ ಹೇಗಾಗುತ್ತದೆಂದು ನೋಡಬೇಕಾಗಿತ್ತು.

"ನೋವಿಲ್ಲ ಮಾಮ," ಎಂದಳು.

ಆಮೇಲಿನದು ನಿನಗೆ ಗೊತ್ತು. ಟಿಫಿನ್ ಡಬ್ಬಿ ತುಂಬಿದ ಹಾಗೆಯೇ ವಾಪಸ್ಸು ಬರುತ್ತಿತ್ತು. ತರಗತಿಯಲ್ಲಿ ತೂಕಡಿಸುತ್ತಾಳೆಂದು ಮಿಸ್ ದೂರು ಹೇಳಿದರು. ಫ್ರಾಕುಗಳು ಹೆಗಲಿಂದ ಜಾರತೊಡಗಿದವು. ಹಟಮಾರಿ ಎಂದು ನೀನು ಬೈದೆ, ಒಮ್ಮೆ ಹೊಡೆದೆ. ನಾನು ಅಲ್ಲೇ ಮೊಬೈಲ್ ನೋಡುತ್ತ ಕೂತಿದ್ದೆ.

ಕೆನ್ನೆ ಊದಿ ಜ್ವರ ಬಂದ ದಿನ ಹಲ್ಲಿನ ಡಾಕ್ಟರು ಕೇಳಿದರು, "ಒಂದೇ ಕಡೆ ಅಗಿಯೋದು ಯಾವಾಗಿಂದ ಶುರುವಾಯ್ತಮ್ಮ?"

"ಗೊತ್ತೇ ಆಗ್ಲಿಲ್ಲ ಡಾಕ್ಟ್ರೇ..." ಎಂದೆ ನೀನು.

"ಬೇಗ ಬಂದಿದ್ರೆ ಹುಳುಕು ತೆಗೆದು ತುಂಬಿಸಿ ಉಳಿಸ್ಬೋದಿತ್ತು."

ನಾನು ಬಾಗಿಲ ಹತ್ತಿರ ಅವಳ ಪುಟ್ಟ ಚಪ್ಪಲಿ ಹಿಡಿದು ನಿಂತಿದ್ದೆ. ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ — ಅಲ್ಲ, ಚಿನ್ನುವಿಗೂ ಗೊತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಆ ಕಡೆಯ ಹುಳುಕು ದವಡೆ ಹಲ್ಲುಗಳನ್ನು ಕಿತ್ತರು. ನಿನ್ನ ಅತ್ತೆ ಎಲ್ಲರೆದುರು ಅಂದರು, "ಮಗೀಗೆ ನೋವು ಬಂದ್ರೂ ತಿಳೀದಂಗೆ ಡ್ಯೂಟಿ ಡ್ಯೂಟಿ ಅಂತ ಓಡಾಡ್ಕೊಂಡಿದ್ಯಲ್ಲ, ನೀನೆಂಥ ತಾಯಿ ಕಣಮ್ಮ!" ನೀನು ತಲೆ ತಗ್ಗಿಸಿದೆ. ಆ ಸಂಜೆ ನಿನ್ನನ್ನು ನಗಿಸಲು ಅವರ ದನಿಯಲ್ಲೇ ಆ ಮಾತನ್ನು ಆಡಿ ತೋರಿಸಿದೆ. ನೀನು ಕಣ್ಣೊರೆಸಿಕೊಂಡು ನಕ್ಕೆ. "ನೀನಿಲ್ದಿದ್ರೆ ನನ್ ಗತಿ ಏನೋ," ಅಂದೆ. ಆ ಮಾತು... ಇರಲಿ.

ಎರಡು ವರ್ಷದಿಂದ ನೀನು ಆ ಬೈಗುಳವನ್ನು ನಿಜವೆಂದೇ ನಂಬಿದ್ದೀಯ. ಅದು ನನಗೆ ಸೇರಬೇಕಾದದ್ದು. ಈ ಭಾನುವಾರ ಬರುತ್ತೇನೆ, ನಿನ್ನ ಅತ್ತೆಯ ಎದುರಿಗೇ ಎಲ್ಲ ಹೇಳುತ್ತೇನೆ. ಆಮೇಲೆ ನನಗೆ ಬಾಗಿಲು ತೆರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಕಳೆದ ವಾರ ನಿಮ್ಮ ಮನೆಗೆ ಬಂದಾಗ ಚಿನ್ನು ಚಪಾತಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಅಗಿಯುವುದನ್ನೇ ನಿಲ್ಲಿಸಿದಳು. ತುತ್ತು ಕೆನ್ನೆಯಲ್ಲೇ ಇತ್ತು, ನಾನಿದ್ದಷ್ಟು ಹೊತ್ತೂ. ನೀನು ಕಾಫಿ ತರಲು ಒಳಗೆ ಹೋದೆ. ನಾನು ಎದ್ದು ಹೊರಟುಬಿಟ್ಟೆ, ಅವಳು ಅಗಿಯಲಿ ಎಂದು.