ದೊಡ್ಡ ಅಕ್ಷರದ ಪುಸ್ತಕ

ಹೋದ ತಿಂಗಳು ಹುಡುಗಿಯೊಬ್ಬಳನ್ನು ಶಾಲೆ ಬಿಡಿಸಿದೆ. ಪುಸ್ತಕ ಕೊಡಿಸಲು ಹೋಗಿ!

ನಾನು ಓದಿದ್ದು ತುರುವೇಕೆರೆ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ. ಅಲ್ಲಿನ ಹತ್ತನೇ ತರಗತಿಯ ಕೋಣೆಯಲ್ಲೇ ಒಂದು ಪುಸ್ತಕದ ಶೆಲ್ಫ್ ಇಡೋಣ ಎಂದು ನಾವು ಹಳೇ ವಿದ್ಯಾರ್ಥಿಗಳು ತೀರ್ಮಾನಿಸಿದೆವು. ಆಯ್ಕೆಯ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. (ಪೇಪರಿಗೆ ಬರೆಯುವವಳು ಪುಸ್ತಕ ಓದಿಯೂ ಇರುತ್ತಾಳೆ ಎಂಬ ಭ್ರಮೆ ಊರಿನವರಿಗೆ ಇನ್ನೂ ಇದೆ.)

ಇಂಥ ಕಡೆ ಏನಾಗುತ್ತದೆ, ನಿಮಗೇ ಗೊತ್ತು. ಯಾರೋ ಪಟ್ಟಿ ಕೊಡುತ್ತಾರೆ. ದಪ್ಪ ದಪ್ಪ ಪುಸ್ತಕ ಬರುತ್ತವೆ. ಬೀರುವಿಗೆ ಬೀಗ ಬೀಳುತ್ತದೆ. ಓದಬೇಕಾದ ಮಕ್ಕಳನ್ನು ಯಾರಾದರೂ ಕೇಳಿದ್ದುಂಟೇ?

ನಾನು ಕೇಳಿದೆ. ತರಗತಿಗೆ ಹೋಗಿ ಚೀಟಿ ಹಂಚಿ, "ನಿಮಗೆ ಎಂಥ ಪುಸ್ತಕ ಬೇಕೋ ಬರೀರಿ. ಹೆಸರು ಹಾಕ್ಬೇಡಿ, ಯಾರೂ ಬೈಯಲ್ಲ" ಎಂದೆ. ದೊಡ್ಡ ಸುಧಾರಕಿಯ ಗತ್ತು ನನಗೆ.

ಸ್ಟಾಫ್ ರೂಮಿನಲ್ಲಿ ಚೀಟಿ ಬಿಡಿಸುತ್ತಾ ಕೂತೆವು. ಹೆಡ್‌ಮಾಸ್ಟರು, ನಾನು, ಮತ್ತೆ ಶಾಲಾ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರದ್ದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಮಕ್ಕಳು ಜಾಣರು. ಗೈಡ್, ಜಿ.ಕೆ., ಸ್ಪೋಕನ್ ಇಂಗ್ಲಿಷ್, ಮತ್ತೆ ಗೈಡ್. ದೊಡ್ಡವರಿಗೆ ಇಷ್ಟವಾಗುವುದನ್ನೇ ಬರೆದಿದ್ದರು. ಒಂದು ಚೀಟಿ ಮಾತ್ರ ಬೇರೆ. ಒದ್ದಾಡಿ ಕೂಡಿಸಿದ ಸೊಟ್ಟ ಸೊಟ್ಟ ಅಕ್ಷರ: "ದೊಡ್ಡ ಅಕ್ಷರದ ಪುಸ್ತಕ ಬೇಕು. ನನಗೆ ಸರಿಯಾಗಿ ಓದಕ್ಕೆ ಬರಲ್ಲ."

ಇಡೀ ಕ್ಲಾಸಿನಲ್ಲಿ ನಿಜ ಹೇಳಿದ ಒಂದೇ ಮಗು! ಖುಷಿ ತಡೆಯಲಾರದೆ ಜೋರಾಗಿ ಓದಿಬಿಟ್ಟೆ. ಬ್ಯಾಗಿಗೆ ಹಾಕಿಕೊಂಡು ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ನೋಟ್‌ಬುಕ್ಕುಗಳ ರಾಶಿ ತರಿಸಿದರು. ಚೀಟಿ ಪಕ್ಕಕ್ಕಿಟ್ಟುಕೊಂಡು ಒಂದೊಂದರ ಅಕ್ಷರವನ್ನೂ ಹೋಲಿಸಿ ನೋಡಿದರು. ಹತ್ತು ನಿಮಿಷದಲ್ಲಿ ಹುಡುಗಿ ಸಿಕ್ಕಿದಳು. ಅವಳ ನೋಟ್‌ಬುಕ್ಕನ್ನು ಅಷ್ಟು ಶ್ರದ್ಧೆಯಿಂದ ಯಾರಾದರೂ ನೋಡಿದ್ದು ಅದೇ ಮೊದಲಿರಬೇಕು.

"ಹೆಸರು ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಸಾರ್" ಎಂದೆ.

"ರಿಸಲ್ಟ್ ಬಿದ್ರೆ ನೋಟಿಸ್ ಬರೋದು ನನಗೆ ಮೇಡಂ, ನಿಮಗಲ್ಲ."

ಅಧ್ಯಕ್ಷರು ನನ್ನನ್ನು ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕಬ್ಯಾಡಿ ಕಣ್ರೀ. ಚೀಲದಾಗೆ ನಾಕು ಕೊಬ್ರಿ ಕೌಟು ಹಿಡಿದು ಕೆಟ್ಟಿದ್ರೆ ಇಡೀ ಲಾಟಿನ ರೇಟೇ ಬಿದ್ದೋಯ್ತದೆ. ಮೊದ್ಲೇ ಆರಿಸಿ ಆಚೆಗೆ ಹಾಕ್ಬುಡಬೇಕು."

ಓದಲು ಬಾರದವಳನ್ನು ಹತ್ತನೇ ಕ್ಲಾಸಿನವರೆಗೂ ತಳ್ಳಿಕೊಂಡು ಬಂದವರು ಯಾರು? ಆ ಪ್ರಶ್ನೆ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಅಪ್ಪನನ್ನು ಕರೆಸಿದರು. ಮಗಳು ಫೇಲಾದರೆ ನಿಮಗೇ ಅವಮಾನ, ಮುಂದಿನ ವರ್ಷ ಪ್ರೈವೇಟಾಗಿ ಪರೀಕ್ಷೆ ಕಟ್ಟಲಿ ಎಂದರು. ಅವನೇ ಕೇಳಿಕೊಂಡ ಹಾಗೆ ಟಿ.ಸಿ. ಅರ್ಜಿ ಬರೆದು ಸಹಿ ಹಾಕಿಸಿಕೊಂಡರು. ನಾನು ಪುಸ್ತಕ ತೆಗೆದುಕೊಂಡು ಹೋದ ದಿನವೇ ನನಗಿದು ತಿಳಿದಿದ್ದು. ಅವತ್ತು ನನಗೆ ಶಾಲು ಹೊದಿಸಿದರು. (ಹೊದಿಸಿಕೊಂಡೆ. ನಾಚಿಕೆಗೇಡು, ಆದರೂ ಹೇಳಿಬಿಡುತ್ತೇನೆ.)

ದೊಡ್ಡ ಅಕ್ಷರದ ನಾಲ್ಕು ಪುಸ್ತಕ ಎತ್ತಿಕೊಂಡು ಅವಳ ಮನೆಗೆ ಹೋದೆ. ಹುಡುಗಿ ಒಳಗಿಂದ ಈಚೆಗೆ ಬರಲೇ ಇಲ್ಲ. ಅಂಗಳದಲ್ಲಿ ಕೊಬ್ಬರಿ ಚಿಪ್ಪು ಬಿಡಿಸುತ್ತಿದ್ದ ತಾಯಿ ಎದ್ದು ನೀರು ಕೊಟ್ಟಳು. ಎಲ್ಲ ಆಗಿದ್ದು ನನ್ನಿಂದಲೇ ಎಂದು ಒಪ್ಪಿಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ, ಕೇಳಿದಳು:

"ಓದಕ್ಕೆ ಬರ್ದಿರೋ ಮಕ್ಳನ್ನ ಇಸ್ಕೂಲ್ನಾಗೆ ಮಡಿಕಳಲ್ಲ ಅಂದ್ರೆ, ಇಸ್ಕೂಲು ಇರೋದು ಯಾರಿಗಕ್ಕಾ?"